ಹೊನ್ನಮ್ಮನಿಗೆ ಕಣ್ಣು ಬಿಡಿಸಿದ ಮಾಕವ್ವ

ಬಾ ಪುಟ್ಟಿ, ಹೊದ್ದುಕೊಂಡು ಮಲಕ್ಕೋ. ಮಧ್ಯೆ ಮಧ್ಯೆ ಹೂಂ ಅಂತಿರು, ನೀನು ಹೂಂ ಅನ್ನೋದು ನಿಂತರೆ ನನ್ನ ಕತೆಯೂ ನಿಲ್ಲುತ್ತೆ.

ಒಂದಾನೊಂದು ಕಾಲ, ನಮ್ಮ ಹಳೇ ಗುಡಿಗಳೆಲ್ಲ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಬೈರೋಜ ಅಂತ ಒಬ್ಬ ಚಿತ್ರಗಾರ ಇದ್ದನಂತೆ. ಗುಡಿ ಗೋಡೆ ಮೇಲೆ ದೇವರನ್ನ ಬರೆಯೋದ್ರಲ್ಲಿ ಸುತ್ತೇಳು ಊರಿಗೂ ಅವನದೇ ಎತ್ತಿದ ಕೈ. ಅವನಿಗೆ ಮೂರು ಮಕ್ಕಳು. ದೊಡ್ಡೋನು ಕಾಳೋಜ, ಬಟ್ಟೆ ಮೇಲೆ ಪಟ ಬರೆಯೋನು. ನಡುವಿನೋನು ಮಾಚೋಜ, ತೊಟ್ಟಿಲು, ಪಲ್ಲಕ್ಕಿ ಅಂತ ಮರಕ್ಕೆ ಬಣ್ಣ ಹಾಕೋನು. ಕಿರಿಯೋಳು ಮಾಕವ್ವ. ಅವಳು ಅಪ್ಪನ ಕಾಲಬುಡದಲ್ಲಿ ಕೂತು ಸುಣ್ಣ ನೆನೆಹಾಕೋದು, ಬಣ್ಣದ ಮಣ್ಣು ಅರೆಯೋದು, ಹುಣಸೆಬೀಜದ ಅಂಟು ಕಾಸೋದು, ಇಷ್ಟೇ ಅಂತೆ. ನಮ್ಮ ಮಾಕಿ ಬರೀ ಅರೆಯೋಳು ಅಂತ ಅಣ್ಣಂದಿರು ನಗೋರಂತೆ. ಅವಳೂ ನಕ್ಕು ಅರೀತಾ ಇರೋಳಂತೆ.

ಆಮೇಲೆ ಬೈರೋಜನಿಗೆ ವಯಸ್ಸಾಗಿ ಕಣ್ಣು ಮಂಜಾಯ್ತಂತೆ. ಅದೇ ಹೊತ್ತಿಗೆ ಆ ಸೀಮೆ ಆಳ್ತಿದ್ದ ದಣಾಯಕರು ಹೊನ್ನಮ್ಮ ದೇವಿಗೆ ಗುಡಿ ಕಟ್ಟಿಸಿ, ಬೈರೋಜನ್ನ ಕರೆಸಿ, ಗೋಡೆ ಮೇಲೆ ಅಮ್ಮನ್ನ ಬರೀಬೇಕು, ಮೈಯೆಲ್ಲ ಹೊನ್ನಿನ ಬಣ್ಣ ಇರಬೇಕು, ನಿಮ್ಮ ಮನೆಗೆ ಮೂರು ಸಲ ಅವಕಾಶ, ಮೂರೂ ಸಲ ಕೆಟ್ಟರೆ ಪರಸೀಮೆಯವರನ್ನ ಕರೆಸ್ತೀನಿ, ಆಮೇಲೆ ಈ ನಾಡಿನ ಯಾವ ಗುಡೀಲೂ ನಿಮ್ಮವರು ಕುಂಚ ಹಿಡಿಯೋ ಹಾಗಿಲ್ಲ ಅಂದ್ರಂತೆ. ಚಿತ್ರಗಾರರಲ್ಲಿ ಒಂದು ಪದ್ಧತಿ ಇತ್ತು ಪುಟ್ಟಿ. ದೇವರ ಕಣ್ಣನ್ನ ಎಲ್ಲಕ್ಕಿಂತ ಕೊನೇಲಿ ಬರೆಯೋದು, ಅದಕ್ಕೆ ಕಣ್ಣು ಬಿಡಿಸೋದು ಅಂತಾರೆ. ಯಾರು ಕಣ್ಣು ಬಿಡಿಸ್ತಾರೋ ಅವರೇ ಆ ಮನೆ ಕಸುಬಿಗೆ ಯಜಮಾನರು.

ಮೊದಲು ಕಾಳೋಜ ಹೋದನಂತೆ. ಮಾಕಿ ಹಳದಿ ಮಣ್ಣು ಅರೆದು ಕೊಟ್ಟರೆ, ಥೂ, ತಾಯಿ ಮುಖಕ್ಕೆ ಮಣ್ಣು ಬಳೀತಾರೇನೇ ಅಂತ ಬೈದು, ಪಟಕ್ಕೆ ಹಾಕೋ ಹಾಗೆ ಒಳ್ಳೇ ಅರಿಶಿನ ಕಲಸಿಕೊಂಡನಂತೆ. ದಣಾಯಕರು ಬಂದ್ರು, ಊರೆಲ್ಲ ಸೇರ್ತು, ಹಸಿ ಸುಣ್ಣದ ಗೋಡೆ ಮೇಲೆ ಅಮ್ಮನ ಕೆನ್ನೆಗೆ ಕುಂಚ ಇಟ್ಟ ನೋಡು, ಬಂಗಾರದಂಥ ಅರಿಶಿನ ಕಣ್ಣೆದುರೇ ರಕ್ತದ ಹಾಗೆ ಕೆಂಪಾಗಿ ಹೋಯ್ತಂತೆ! ಅಯ್ಯೋ ಅಮ್ಮ ಮುನಿದಳು ಅಂತ ಪೂಜಾರಿ ಕೈಯಿಂದ ತಟ್ಟೆ ಬಿತ್ತಂತೆ, ಜನ ದಬದಬ ಅಡ್ಡಬಿದ್ರಂತೆ. ಆಗ ಮಾಕವ್ವ, ಅಮ್ಮ ಯಾಕೆ ಮುನೀತಾಳೆ ಸ್ವಾಮಿ, ಅರಿಶಿನಕ್ಕೆ ಸುಣ್ಣ ತಾಗಿದ್ರೆ ಕೆಂಪಾಗದೆ ಇನ್ನೇನಾಗುತ್ತೆ, ಆರತಿ ನೀರು ಕದಡೋ ಯಾವ ಹೆಂಗಸನ್ನ ಬೇಕಾದ್ರೂ ಕೇಳಿ ಅಂದಳಂತೆ. ಹೆಂಗಸರೆಲ್ಲ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಮಾಚೋಜ ಹೋದನಂತೆ. ಹಸಿ ಸುಣ್ಣದ ಸಹವಾಸವೇ ಬೇಡ ಅಂತ ಗೋಡೆ ಪೂರ್ತಿ ಒಣಗಿಸಿ, ಮರಕ್ಕೆ ಹಾಕೋ ಹಾಗೆ ಬಣ್ಣಕ್ಕೆ ಅಂಟು ಬೆರೆಸಿದ. ಇನ್ನಷ್ಟು ಅಂಟು, ಇನ್ನಷ್ಟು ಅಂಟು ಅಂತ ಗಂಜಿ ಮಾಡಿಬಿಟ್ಟನಂತೆ. ಅಣ್ಣಾ, ಅಂಟು ಜಾಸ್ತಿ ಆದ್ರೆ ಹಿಡಿಯೋದಲ್ಲ, ಬಿಡೋದು ಅಂತ ಮಾಕಿ ಹೇಳಿದ್ದಕ್ಕೆ, ಅರೆಯೋಳು ಅರಿ ಅಂದನಂತೆ. ನಾಲ್ಕು ದಿನಕ್ಕೆ ಅಮ್ಮನ ಸೀರೆ, ತೋಳು, ಮುಖ ಎಲ್ಲ ಹಪ್ಪಳದ ಹಾಗೆ ಸುರುಳಿ ಸುತ್ತಿ ನೆಲಕ್ಕೆ ಬಿತ್ತಂತೆ. ಗೋಡೆ ಸರಿ ಇಲ್ಲ ಅಂದನಂತೆ ಅವನು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ!

ಇನ್ನು ಉಳಿದಿದ್ದು ಒಂದೇ ಸಲ. ಬೈರೋಜ ತಲೆ ಮೇಲೆ ಕೈ ಹೊತ್ತು ಕೂತಾಗ ಮಾಕವ್ವ, ಅಪ್ಪಾ ನಾನು ಬರೀತೀನಿ ಅಂದಳಂತೆ. ಅಣ್ಣಂದಿರು, ಇವಳು ನಾಳೆ ಇನ್ನೊಬ್ಬರ ಮನೆ ಸೇರೋಳು, ಇವಳ ಕೈಗೆ ಕುಂಚಾನಾ ಅಂತ ಹಾರಾಡಿದ್ರಂತೆ. ಬೈರೋಜ, ನಿಮ್ಮಿಬ್ಬರ ಕೈಗೆ ಕೊಟ್ಟು ನೋಡಿದ್ದಾಯ್ತಲ್ಲ, ಸುಮ್ನಿರಿ ಅಂದನಂತೆ.

ಮಾಕವ್ವ ಒಂದು ದಿನಕ್ಕೆ ಎಷ್ಟು ಬರೆಯೋಕಾಗುತ್ತೋ ಅಷ್ಟೇ ಗೋಡೆಗೆ ಗಾರೆ ಮೆತ್ತಿದಳಂತೆ. ಅದು ಹಸಿ ಇರೋವಾಗಲೇ ಹಳದಿ ಮಣ್ಣು, ಕಾವಿ ಮಣ್ಣು ಸುಣ್ಣದ ತಿಳಿನೀರಲ್ಲಿ ಕಲಸಿ ಹಚ್ಚಿದಳು. ಅಂಟಿಲ್ಲ ಗಿಂಟಿಲ್ಲ. ಹಸಿ ಗಾರೆ ಬಣ್ಣ ಕುಡಿಯುತ್ತೆ, ಒಣಗಿದ ಮೇಲೆ ಎರಡೂ ಒಂದೇ ಕಲ್ಲು. ಮೊದಲು ಅಮ್ಮನ ಮುಖ ಕೆಸರು ಕೆಸರಾಗಿ ಕಾಣ್ತಂತೆ, ಜನ ಮೂಗು ಮುರಿದ್ರಂತೆ. ಮಾಕವ್ವನಿಗೂ ಒಳಗೊಳಗೇ ಭಯ ಇತ್ತು, ತಪ್ಪಿದರೆ ಅಪ್ಪನ ಹೆಸರೇ ಮುಳುಗುತ್ತಲ್ಲ. ಆದ್ರೂ ಕೈ ಬಿಡದೆ ಹೊಳೆಯ ನುಣುಪುಗಲ್ಲು ತಗೊಂಡು ಮೆಲ್ಲಗೆ ಉಜ್ಜಿದಳು, ಉಜ್ಜಿದಳು. ಗೋಡೆ ಒಣಗ್ತಾ ಒಣಗ್ತಾ ಆ ಮಣ್ಣೇ ತಿಳಿಯಾಗಿ, ಹೊಳಪು ಬಂದು, ಥಳಥಳ ಹೊನ್ನಾಯ್ತಂತೆ ಪುಟ್ಟಿ!

ದಣಾಯಕರು ಬಂದು ಒಂದು ಬಿಂದಿಗೆ ನೀರು ಎರಚಿಸಿದ್ರಂತೆ. ಬಣ್ಣ ಇಳೀಲಿಲ್ಲ. ಬಿಳೀ ವಸ್ತ್ರ ಒದ್ದೆ ಮಾಡಿ ಒರೆಸಿದ್ರು. ವಸ್ತ್ರ ಬೆಳ್ಳಗೇ ಇತ್ತು. ಸರಿ, ಇನ್ನು ಕಣ್ಣು ಬಿಡಿಸೋರು ಯಾರು ಅಂದ್ರಂತೆ. ಕಾಳೋಜ ಮುಂದೆ ಬಂದ, ನಾನು ಹಿರಿಮಗ ಅಂತ. ಬೈರೋಜ ತಡವರಿಸಿಕೊಂಡು ಗೋಡೆ ಹತ್ರ ಹೋಗಿ, ಅಮ್ಮನ ಕೆನ್ನೆ ಮೇಲೆ ಅಂಗೈ ಇಟ್ಟನಂತೆ. ನುಣ್ಣಗೆ, ತಣ್ಣಗೆ. ಅವನ ಕಣ್ಣಲ್ಲಿ ಬಳಬಳ ನೀರು. ತನ್ನ ಕುಂಚ ತೆಗೆದು ಮಾಕವ್ವನ ಕೈಗಿಟ್ಟು, ನೀನು ಬಿಡಿಸವ್ವ, ನನ್ನ ಕೈಯಲ್ಲೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ ಅಂದನಂತೆ. ಗೋಡೆ ಈಗ ಒಣಗಿತ್ತಲ್ಲ, ಅದಕ್ಕೆ ಅವಳು ದೀಪದ ಕಾಡಿಗೆಗೆ ಎರಡೇ ಎರಡು ಹನಿ ಅಂಟು ಬೆರೆಸಿ, ಉಸಿರು ಬಿಗಿಹಿಡಿದು ಅಮ್ಮನಿಗೆ ಕಣ್ಣು ಬಿಡಿಸಿದಳು.

ಆಮೇಲೆ ಆ ನಾಡಿನ ಗುಡಿಗಳೆಲ್ಲ ಮಾಕವ್ವನ ಕೈಗೇ ಬಂದವಂತೆ. ಅವಳನ್ನ ಮದುವೆ ಆದೋನೂ ಬಂದು ಅವಳಿಗೆ ಬಣ್ಣ ಅರೆದುಕೊಟ್ಟನಂತೆ. ಅಣ್ಣಂದಿರು ಅವಳ ಹತ್ರ ಗಾರೆ ಮೆತ್ತೋದು ಕಲಿತ್ರಂತೆ. ಬೈರೋಜನ್ನ ಯಾರಾದ್ರೂ, ಯಾರಪ್ಪಾ ನೀನು ಅಂತ ಕೇಳಿದ್ರೆ, ಮೊದಲೆಲ್ಲ ಚಿತ್ರಗಾರ ಬೈರೋಜ ಅಂತಿದ್ದೋನು, ಈಗ ಎದೆ ಸೆಟೆಸಿ ಹೇಳೋನಂತೆ, ನಾನು ಮಾಕವ್ವನ ಅಪ್ಪ.

ಅಲ್ಲಿಗೆ ಅಮ್ಮ ಕಣ್ಣು ಬಿಟ್ಟಳು, ನೀನು ಕಣ್ಣು ಮುಚ್ಚು, ನನ್ನ ಕತೆ ಮುಗೀತು.