ಇನ್ನೂರ ಹದಿಮೂರನೆಯ ಹೂ

"ಮೇಷ್ಟ್ರೇ, ಎಷ್ಟು ಹುಡುಕಿದರೂ ಒಂದು ತಪ್ಪೂ ಸಿಗದಿದ್ದರೆ 'ಇಲ್ಲಿ ಎಲ್ಲವೂ ಭದ್ರ' ಎಂದು ಬರೆದುಕೊಡಬಹುದಲ್ಲವೇ?" ಎಂದು ಶಿಷ್ಯೆ ಕೇಳಿದಳು.

ಸಂಸ್ಥೆಗಳ ಕಂಪ್ಯೂಟರುಗಳು ಕಳ್ಳರ ಕೈಗೆ ಸಿಗದಂತೆ ಇವೆಯೇ ಎಂದು ಪರೀಕ್ಷಿಸುವುದು ಅವಳು ಮೇಷ್ಟ್ರ ಬಳಿ ಕಲಿಯುತ್ತಿದ್ದ ವಿದ್ಯೆ. ಮೊದಲ ಬಾರಿಗೆ ಒಬ್ಬಳೇ ಒಂದು ಸಂಸ್ಥೆಗೆ ಹೋಗಿ, ಮೂರು ದಿನ ಪರೀಕ್ಷೆ ನಡೆಸಿ ಬಂದಿದ್ದಳು. ವರದಿ ಕೈಯಲ್ಲಿತ್ತು. ಸಹಿಯೊಂದೇ ಬಾಕಿ.

ಮೇಷ್ಟ್ರು ವರದಿಯನ್ನು ತೆರೆಯಲಿಲ್ಲ. "ಕೂತುಕೋ ತಾಯಿ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಒಂದು ದೊಡ್ಡ ಆಸ್ಪತ್ರೆ. ಅಲ್ಲಿಯ ಕಂಪ್ಯೂಟರುಗಳನ್ನೆಲ್ಲ ಒಬ್ಬ ಮೇಲ್ವಿಚಾರಕ ನೋಡಿಕೊಳ್ಳುತ್ತಿದ್ದ. ಹನ್ನೆರಡು ವರ್ಷದಲ್ಲಿ ಒಬ್ಬ ರೋಗಿಯ ವಿವರವೂ ಹೊರಗೆ ಸೋರಿರಲಿಲ್ಲ. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಅಂಟಿಸಿದವರು ಎಷ್ಟೇ ದೊಡ್ಡ ವೈದ್ಯರಾಗಿರಲಿ, ಅವನಿಂದ ಬೈಸಿಕೊಳ್ಳದೆ ಉಳಿಯುತ್ತಿರಲಿಲ್ಲ. ನರ್ಸುಗಳು ಬೆನ್ನ ಹಿಂದೆ ಅವನನ್ನು ಬೀಗದಯ್ಯ ಎನ್ನುತ್ತಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು. ಅವನಿಗೆ ಅದು ಬಿರುದಿನ ಹಾಗೆ ಕೇಳಿಸಿತ್ತು.

ಆ ಆಸ್ಪತ್ರೆಯನ್ನು ನಡೆಸುವವರಿಗೆ ಬೇರೆ ಊರುಗಳಲ್ಲಿ ಇನ್ನೆರಡು ಆಸ್ಪತ್ರೆಗಳಿದ್ದವು. ಮೂರರ ಕಂಪ್ಯೂಟರುಗಳಿಗೂ ಸೇರಿ ಒಬ್ಬ ಮುಖ್ಯಸ್ಥ ಬೇಕೆಂದು ಅವರು ತೀರ್ಮಾನಿಸಿದರು. "ಪರೀಕ್ಷೆ ಮಾಡಿಸುತ್ತೇವೆ. ಒಂದು ದೋಷವೂ ಸಿಗದಿದ್ದರೆ ಹುದ್ದೆ ನಿನ್ನದು. ಸಿಕ್ಕರೆ ಹೊರಗಿನವರನ್ನು ತರುತ್ತೇವೆ" ಎಂದು ಮೇಲ್ವಿಚಾರಕನಿಗೆ ಹೇಳಿದರು. ಇಷ್ಟು ವರ್ಷ ಅವನು ಕಾದದ್ದು ಇದೇ ಮಾತಿಗೆ.

ಪರೀಕ್ಷಕ ಬಂದ. ಮೇಲ್ವಿಚಾರಕ ಅವನ ಮುಂದೆ ಒಂದು ಪಟ್ಟಿ ಇಟ್ಟ. ಕಂಪ್ಯೂಟರು, ಪ್ರಿಂಟರು, ಗೇಟಿನ ಕ್ಯಾಮರಾ, ಔಷಧದ ಫ್ರಿಜ್ಜಿನ ತಂಪು ಅಳೆಯುವ ಪೆಟ್ಟಿಗೆ, ಎಲ್ಲ ಸೇರಿ ಇನ್ನೂರ ಹನ್ನೆರಡು.

"ಹುಡುಕಿ ಸ್ವಾಮಿ. ಇರುವೆ ನುಗ್ಗುವಷ್ಟು ಸಂದು ಸಿಕ್ಕರೂ ಮೀಸೆ ಬೋಳಿಸಿಕೊಳ್ಳುತ್ತೇನೆ" ಎಂದ.

"ಮೀಸೆ ಇರಲಿ ಬಿಡಿ. ಈ ಪಟ್ಟಿಯಲ್ಲಿ ಇಲ್ಲದ್ದು ಏನಾದರೂ ಇದ್ದರೆ ಹೇಳಿ, ಯಾವಾಗ ನೆನಪಾದರೂ ಸರಿ" ಎಂದ ಪರೀಕ್ಷಕ.

"ಪಟ್ಟಿಯಲ್ಲಿ ಇಲ್ಲದ್ದು ಈ ಆಸ್ಪತ್ರೆಯಲ್ಲೇ ಇಲ್ಲ."

ಪರೀಕ್ಷಕ ನಾಲ್ಕು ದಿನ ಹುಡುಕಿದ. ಸಡಿಲ ಪಾಸ್‌ವರ್ಡ್ ಸಿಗಲಿಲ್ಲ. ಕೆಲಸ ಬಿಟ್ಟು ಹೋದವರ ಹೆಸರಿನ ಖಾತೆಗಳೆಲ್ಲ ಮುಚ್ಚಿದ್ದವು. ನೌಕರರಿಗೆ ಬಹುಮಾನದ ಆಸೆ ತೋರಿಸಿ ಸುಳ್ಳು ಇಮೇಲ್ ಕಳಿಸಿ ನೋಡಿದ. ಒಬ್ಬರೂ ಅದರೊಳಗಿನ ಲಿಂಕ್ ಒತ್ತಲಿಲ್ಲ. ಅಡುಗೆಮನೆಯವನು ಮಾತ್ರ ಓಡಿ ಬಂದು, "ಸಾರ್, ಕಳ್ಳ ಇಮೇಲ್ ಬಂದಿದೆ" ಎಂದು ಮೇಲ್ವಿಚಾರಕನಿಗೆ ದೂರು ಕೊಟ್ಟ. ಮೇಲ್ವಿಚಾರಕನ ಎದೆ ಉಬ್ಬಿತು. ನಾಲ್ಕನೆಯ ದಿನ ಮಧ್ಯಾಹ್ನ ಪರೀಕ್ಷಕ ಮಹಡಿಯ ಕೋಣೆಯಲ್ಲಿ ಕೂತು ವರದಿ ಬರೆಯತೊಡಗಿದ.

ಮರುದಿನದಿಂದ ಹಬ್ಬದ ರಜೆ. ಹಾಗಾಗಿ ಆಸ್ಪತ್ರೆಯಲ್ಲಿ ಅಂದೇ ಆಯುಧ ಪೂಜೆ. ಕಂಪ್ಯೂಟರಿನ ಬಳಗಕ್ಕೆಲ್ಲ ಕುಂಕುಮವಿಟ್ಟು ಹೂ ಮುಡಿಸುವುದು ಒಬ್ಬ ಹಳೆಯ ಆಯಾಳ ಕೆಲಸ. ದೀಪ ಉರಿಯುವ ಒಂದೊಂದು ಯಂತ್ರಕ್ಕೂ ಒಂದೊಂದು ಚೆಂಡು ಹೂ. ಬೇರೆ ವರ್ಷ ಹೂ ಬುಟ್ಟಿಗಟ್ಟಲೆ ಬರುತ್ತಿತ್ತು, ಯಾರೂ ಎಣಿಸುತ್ತಿರಲಿಲ್ಲ. ಈ ವರ್ಷ ಮೇಲ್ವಿಚಾರಕ ಹೂವಾಡಗಿತ್ತಿಗೆ ಹೇಳಿ, ಪಟ್ಟಿಗೆ ಸರಿಯಾಗಿ ಇನ್ನೂರ ಹನ್ನೆರಡು ಹೂ ಎಣಿಸಿ ತರಿಸಿದ್ದ. ಪರೀಕ್ಷಕನ ಕಣ್ಣಿಗೂ ಬೀಳಲಿ ಎಂಬ ಹಮ್ಮು.

ಸಂಜೆ ಆಯಾ ಬರಿ ಬುಟ್ಟಿ ಹಿಡಿದು ಬಂದಳು.

"ಸಾರ್, ಒಂದು ಹೂ ಸಾಲಲಿಲ್ಲ."

"ಯಾವುದಕ್ಕೋ ಎರಡು ಮುಡಿಸಿರುತ್ತೀಯ ಕಣಮ್ಮ."

"ಎರಡು ಮುಡಿಸೋಕೆ ಅದೇನು ನನ್ನ ಸೊಸೆಯಾ? ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಮೆಟ್ಟಿಲ ಕೆಳಗಿರೋದಕ್ಕೆ ಹೂ ಇಲ್ಲ."

"ಮೆಟ್ಟಿಲ ಕೆಳಗೆ ಹಳೇ ಹಾಸಿಗೆ ಇದೆ. ಅದಕ್ಕೂ ಪೂಜೆ ಮಾಡ್ತೀಯಾ?"

"ಹಾಸಿಗೆ ಹಿಂದೆ ನೋಡಿ ಸಾರ್. ಹಸಿರು ದೀಪ ಮಿಣಮಿಣ ಅಂತದಲ್ಲ, ಅದು. ಪಾಪ, ವರ್ಷಕ್ಕೊಂದು ಹೂವೂ ಬೇಡವಾ ಅದಕ್ಕೆ?"

ಮೇಲ್ವಿಚಾರಕ ನಗುತ್ತಲೇ ಹೋದ. ಹಾಸಿಗೆ ಸರಿಸಿದ. ನಗು ನಿಂತಿತು.

ಅಲ್ಲೊಂದು ಪುಟ್ಟ ಪೆಟ್ಟಿಗೆ ಇತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಅವನೇ ಅದನ್ನು ಅಲ್ಲಿ ಕೂರಿಸಿದ್ದ. ಹಿರಿಯ ವೈದ್ಯರೊಬ್ಬರು ಮನೆಯಿಂದಲೇ ಎಕ್ಸ್-ರೇ ನೋಡಲೆಂದು ಆಸ್ಪತ್ರೆಗೆ ದಾನ ಕೊಟ್ಟ ಯಂತ್ರ. ಅದರ ಒಂದು ತಂತಿ ಹಳೆಯ ಟೆಲಿಫೋನ್ ಲೈನಿಗೆ ಹೋಗಿತ್ತು. ಇನ್ನೊಂದು ಗೋಡೆ ತೂರಿ ಎಕ್ಸ್-ರೇ ಕೋಣೆಯ ಕಂಪ್ಯೂಟರಿನ ಬೆನ್ನಿಗೆ ಸೇರಿತ್ತು. ಮುಂಬಾಗಿಲಿನಿಂದ ಹುಡುಕುವವರಿಗೆ ಕಾಣದ ದಾರಿ. ವೈದ್ಯರು ಊರು ಬಿಟ್ಟು ಯಾವ ಕಾಲವಾಯಿತೋ. ಮುಂದೆ ಅವನು ಪಟ್ಟಿ ಮಾಡಿದ್ದು ಖರೀದಿಯ ಕಾಗದಗಳನ್ನು ನೋಡಿ. ದಾನಕ್ಕೆ ಖರೀದಿಯ ಕಾಗದ ಎಲ್ಲಿಂದ ಬರಬೇಕು? ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಇತ್ತು. ಪೆಟ್ಟಿಗೆಯ ಮೈಮೇಲೆಯೇ ಅಚ್ಚಾಗಿತ್ತು.

ಅವನ ಕೈ ತಂತಿಯ ಮೇಲೆ ಹೋಯಿತು. ಒಮ್ಮೆ ಎಳೆದರೆ ಸಂದು ಮುಚ್ಚುತ್ತಿತ್ತು. ಆಯಾಳಿಗೆ ಗೊತ್ತಿದ್ದದ್ದು ಒಂದು ಹೂವಿನ ಕೊರತೆ ಮಾತ್ರ. ಮಹಡಿಯ ಮೇಲೆ ದೋಷವಿಲ್ಲದ ವರದಿ ಸಿದ್ಧವಾಗುತ್ತಿತ್ತು.

ಆದರೆ ಈ ದಾರಿಯಲ್ಲಿ ಯಾರಾದರೂ ಬಂದುಹೋಗಿದ್ದರೆ ಅದು ಆ ಪೆಟ್ಟಿಗೆಯೊಂದಕ್ಕೇ ಗೊತ್ತು. ದೀಪ ಆರಿದರೆ ಅದು ಎಲ್ಲವನ್ನೂ ಮರೆಯುವ ಜಾತಿಯ ಯಂತ್ರ. ತಂತಿ ಎಳೆದರೆ ಬಾಗಿಲು ಮುಚ್ಚುತ್ತದೆ, ನಿಜ. ಕಳ್ಳ ಆಗಲೇ ಒಳಗಿದ್ದರೆ ಅವನನ್ನು ಒಳಗೇ ಇಟ್ಟು ಮುಚ್ಚಿದಂತಾಗುತ್ತದೆ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮೆಟ್ಟಿಲು ಹತ್ತಿದ. ಅಷ್ಟು ಮೆಟ್ಟಿಲುಗಳಿವೆ ಎಂದು ಅವನಿಗೆ ಅಂದೇ ಗೊತ್ತಾದದ್ದು.

"ಸ್ವಾಮಿ, ಇನ್ನೂ ಒಂದಿದೆ. ನಾನೇ ಇಟ್ಟದ್ದು, ನಾನೇ ಮರೆತದ್ದು. ಇರುವೆಯ ಸಂದಲ್ಲ, ಊರಬಾಗಿಲು."

ಪರೀಕ್ಷಕ ಅವನ ಮುಖ ನೋಡಿದ. "ನಾನು ಸಹಿ ಹಾಕುವವನಿದ್ದೆ. ನಿಮ್ಮ ಹುದ್ದೆ?"

"ಹೋಯಿತು. ಬನ್ನಿ, ಕರೆಂಟು ಹೋಗುವ ಮೊದಲು ನೋಡೋಣ."

ಇಬ್ಬರೂ ಮೆಟ್ಟಿಲ ಕೆಳಗೆ ಕುಕ್ಕರಗಾಲಿನಲ್ಲಿ ಕೂತರು. ಪೆಟ್ಟಿಗೆ ಮರೆತಿರಲಿಲ್ಲ. ಒಬ್ಬ ಅಪರಿಚಿತ ಎಂಟು ಬಾರಿ ಬಾಗಿಲು ತಟ್ಟಿದ್ದ. ಹಿಂದಿನ ದಿನ ಒಳಗೆ ಬಂದಿದ್ದ. ಎಕ್ಸ್-ರೇ ಕೋಣೆಯ ಕಂಪ್ಯೂಟರನ್ನು ಪರೀಕ್ಷಕ ಮೊದಲ ದಿನವೇ ನೋಡಿ ಮುಗಿಸಿದ್ದನಲ್ಲ, ಕಳ್ಳ ಈಗ ಅದರೊಳಗೇ ಕೂತು ಹಬ್ಬದ ರಜೆಗೆ ಕಾಯುತ್ತಿದ್ದ. ರಜೆಯಲ್ಲಿ ಆಸ್ಪತ್ರೆಯ ಕಡತಗಳಿಗೆಲ್ಲ ತನ್ನ ಬೀಗ ಜಡಿದು, ತೆಗೆಯಲು ಹಣ ಕೇಳುವುದು ಅವನ ಲೆಕ್ಕ. ದೀಪ ಹಚ್ಚುವ ಹೊತ್ತಿಗೆ ಅವನನ್ನು ಹೊರಗೆ ಹಾಕಿದರು. ಆಮೇಲೆ ತಂತಿ ಕಿತ್ತರು.

ವರದಿಯಲ್ಲಿ ಒಂದು ದೋಷ ಸೇರಿತು. ಕಂಡುಹಿಡಿದವರು ಯಾರು ಎಂಬ ಕಡೆ ಮೇಲ್ವಿಚಾರಕ ಮೊದಲು ಆಯಾಳ ಹೆಸರು ಬರೆಸಿದ, ಅದರ ಕೆಳಗೆ ತನ್ನದು. ಹುದ್ದೆಗೆ ಹೊರಗಿನವನೊಬ್ಬ ಬಂದ. ಮಾತು ಮಾತೇ ಎಂದು ಮೇಲ್ವಿಚಾರಕ ಮೀಸೆಯನ್ನೂ ಬೋಳಿಸಿದ. "ಬೀಗದಯ್ಯನ ಮೀಸೆಗೆ ಯಾರು ಕನ್ನ ಹಾಕಿದರು?" ಎಂದು ನರ್ಸುಗಳು ಈಗ ಅವನ ಎದುರಿಗೇ ಕೇಳಿ ನಕ್ಕರು. ಅವನೂ ನಕ್ಕ.

ದೋಷವಿಲ್ಲ ಎಂದು ಬರೆದ ಹಳೆಯ ವರದಿಗಳು ಅವನ ಮೇಜಿನ ಗಾಜಿನ ಕೆಳಗಿದ್ದವು. ಅವನ್ನೆಲ್ಲ ತೆಗೆದು ಕಪಾಟಿಗೆ ಸೇರಿಸಿದ. ಆ ಜಾಗದಲ್ಲಿ ದೋಷ ಬರೆದ ಈ ಒಂದು ಹಾಳೆಯನ್ನು ಇಟ್ಟ. ಬಂದವರಿಗೆಲ್ಲ ಎರಡು ಹೆಸರುಗಳ ಮೇಲೆ ಬೆರಳಿಟ್ಟು, ತಲೆ ಎತ್ತಿ ತೋರಿಸುತ್ತಿದ್ದ.

ಮೇಷ್ಟ್ರು ಕತೆ ನಿಲ್ಲಿಸಿದರು.

"ಆ ಪರೀಕ್ಷಕನದು ಎಂಥ ಪರೀಕ್ಷೆ ಮೇಷ್ಟ್ರೇ! ನಾನಾಗಿದ್ದರೆ ಮೊದಲ ದಿನವೇ ಆ ಹಾಸಿಗೆ ಎತ್ತಿ ನೋಡುತ್ತಿದ್ದೆ" ಎಂದಳು ಶಿಷ್ಯೆ. "ನಾನು ಎಷ್ಟು ಬಿಗಿಯಾಗಿದ್ದೆ ಗೊತ್ತೇ? ಕೋಣೆಯೊಳಗೆ ಕಾಲಿಟ್ಟರೆ ಎಲ್ಲರೂ ಎದ್ದು ನಿಲ್ಲುತ್ತಿದ್ದರು. ಕೇಳಿದ್ದಕ್ಕೆ ಉತ್ತರ ಬಿಟ್ಟರೆ ಒಂದು ಮಾತೂ ಹೆಚ್ಚಿಗೆ ಆಡಲಿಲ್ಲ."

ಮೇಷ್ಟ್ರು ವರದಿಯನ್ನು ಅವಳ ಕೈಗೇ ತಿರುಗಿ ಕೊಟ್ಟು ಕೇಳಿದರು:

"ಆ ಮೂರು ದಿನದಲ್ಲಿ ಯಾರಾದರೂ ತಾವಾಗಿಯೇ ನಿನ್ನ ಬಳಿ ಬಂದು, 'ನನ್ನಿಂದ ಇಲ್ಲೊಂದು ತಪ್ಪಾಗಿದೆ' ಎಂದರೇನು ತಾಯಿ?"