ಮಂತ್ರಿಗೆ ಎದೆನೋವು ಬಂದಿದ್ದು

ಇತ್ಲಾಗೆ ತಿರುಗಿ ಮಲಕ್ಕೋ ಪುಟ್ಟಿ, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ, ಅಂದ್ರೆ ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟೋಕೆ ಮುಂಚೆ, ಒಬ್ಬ ರಾಜ ಇದ್ನಂತೆ, ಅವನಿಗೆ ಭೂಪಾಳಯ್ಯ ಅಂತ ಮಂತ್ರಿ. ಅದೇ ಊರಲ್ಲಿ ಹೊಂಬಾಳಮ್ಮ ಅಂತ ಗಂಡನಿಲ್ಲದ ಹೆಂಗಸು, ಒಂದೇ ಒಂದು ಎಮ್ಮೆ ಸಾಕ್ಕೊಂಡು, ಮೊಸರು ಮಾರಿ ಹೊಟ್ಟೆ ಹೊರೀತಿದ್ಲಂತೆ. ಆ ಮೊಸರು ಎಂಥ ಗಟ್ಟಿ ಅಂದ್ರೆ, ಗಡಿಗೆ ಬೋರಲು ಹಾಕಿದ್ರೂ ಬೀಳ್ತಿರಲಿಲ್ಲವಂತೆ. ಒಂದಿನ ಮಂತ್ರಿ ಆ ಮೊಸರು ತಿಂದು, ಇನ್ಮೇಲೆ ಈ ಎಮ್ಮೆ ನಮ್ಮನೇಲೇ ಇರಲಿ ಅಂದು, ಹಾಡಹಗಲೇ, ಮೂರು ಜನ ನೆರೆಯೋರು ನೋಡ್ತಿದ್ದಂಗೇ ಹೊಡ್ಕೊಂಡು ಹೋಗಿಬಿಟ್ನಂತೆ.

ಆಮೇಲೆ ಹೊಂಬಾಳಮ್ಮ ಅಳ್ತಾ ನ್ಯಾಯಾಧಿಕಾರಿ ಹತ್ರ ಹೋದ್ರೆ ಅವನು, ಮಂತ್ರಿಗಳ ಮೇಲೆ ದೂರು ತಗೋಬೇಕಾದ್ರೆ ಮಂತ್ರಿಗಳದೇ ಅಪ್ಪಣೆ ಬೇಕು ತಾಯಿ, ಇಸ್ಕೊಂಡು ಬಾ ಅಂದ್ನಂತೆ. ಇವಳು ಹೋಗಿ ಕೇಳಿದ್ರೆ ಭೂಪಾಳಯ್ಯ ಅವಳ ಎಮ್ಮೆ ಹಾಲಿನ ಪಾಯಸಾನೇ ಕುಡೀತಾ, ಯೋಚನೆ ಮಾಡ್ತೀನಿ, ಮುಂದಿನ ಯುಗಾದಿಗೆ ಬಾ ಅಂದ್ನಂತೆ.

ಕಳ್ಳನ್ನೇ ಕೇಳ್ಬೇಕಾ ಅಜ್ಜಿ?

ಹೂಂ ಕಣೇ, ಆಗ ಹಂಗಿತ್ತಂತೆ. ನಗಬೇಡ, ಕೇಳು.

ಆಮೇಲೆ ಅವಳು ಅರಮನೆ ಬಾಗ್ಲಲ್ಲಿ ನಿಂತು, ರಾಜನೇ ಎದ್ದು ಬರೋ ಹಂಗೆ ಕೂಗಿದ್ಲಂತೆ. ರಾಜ ಎಲ್ಲಾ ಕೇಳಿ, ಇದಕ್ಕೆ ನನ್ನ ಅಪ್ಪಣೆ ಸಾಕು ಅಂದು ಸಾಕ್ಷಿ ಕರೆಸಿದ್ನಂತೆ. ನೆರೆಯೋರಿಗೆ ಮಂತ್ರಿ ಮೀಸೆ ನೆನೆದ್ರೇ ಭಯ. ಒಬ್ಬ, ಆವತ್ತು ಕಣ್ಣಿಗೆ ಧೂಳು ಬಿದ್ದಿತ್ತು ಬುದ್ದಿ ಅಂದ. ಇನ್ನೊಬ್ಬ, ನೋಡಿದೆ, ಆದ್ರೆ ಎಮ್ಮೆನೇ ಮಂತ್ರಿಗಳ್ನ ಎಳ್ಕೊಂಡು ಹೋಗ್ತಿತ್ತು ಅಂದ. ಮೂರನೆಯೋನು, ಎಮ್ಮೆ ಅಂದ್ರೆ ಹೆಂಗಿರುತ್ತೆ ಬುದ್ದಿ ಅಂತ ಕೇಳೇಬಿಟ್ನಂತೆ!

ರಾಜಂಗೆ ಸಿಟ್ಟು ಬಂದು, ನಾಳೆ ಮಂತ್ರಿನೇ ಎಮ್ಮೆ ಹಿಡ್ಕೊಂಡು ಬರಲಿ ಅಂದ್ನಂತೆ. ಬೆಳಗಾಗೋ ಹೊತ್ತಿಗೆ ಭೂಪಾಳಯ್ಯ ಅಯ್ಯೋ ಎದೆ, ಅಯ್ಯೋ ಎದೆ ಅಂತ ಹಾಸಿಗೆ ಹಿಡಿದಿದ್ನಂತೆ. ವೈದ್ಯ ಸಭೆಗೆ ಬಂದು, ಈಗ ವಿಚಾರಣೆ ಮಾಡಿದ್ರೆ ಜೀವಕ್ಕೇ ಅಪಾಯ ಅಂದ್ನಂತೆ.

ಹೊಂಬಾಳಮ್ಮ ಸುಮ್ನಿರ್ತಾಳಾ? ಪಾಪ, ಇಂಥ ನೋವಿಗೆ ಪಥ್ಯ ಏನಪ್ಪಾ ಅಂದ್ಲು. ವೈದ್ಯ ಬಾಯಿಗೆ ಬಂದಂಗೆ, ಬೇವಿನ ಕಷಾಯ, ಉಪ್ಪಿಲ್ಲದ ಗಂಜಿ ಅಂದುಬಿಟ್ಟ. ನನ್ನ ದೆಸೆಯಿಂದ ಬಂದ ನೋವು, ನಾನೇ ಆರೈಕೆ ಮಾಡ್ತೀನಿ ಅಂದ್ಲಂತೆ ಇವಳು. ರಾಜ ಮೀಸೆಯೊಳಗೇ ನಕ್ಕು, ಆಗಲಿ, ನೋವು ಹೋಗೋವರ್ಗೂ ಮಂತ್ರಿಗೆ ಬೇರೇನೂ ಕೊಡಕೂಡದು ಅಂತ ಕಾವಲು ಹಾಕಿಸಿದ್ನಂತೆ.

ಬೆಳಗ್ಗೆ ಕಷಾಯ, ಮಧ್ಯಾಹ್ನ ಗಂಜಿ, ಸಂಜೆ ಮತ್ತೆ ಕಷಾಯ. ಮಾರನೇ ದಿನ ಹೊಂಬಾಳಮ್ಮ ಕಿಟಕಿ ಕೆಳಗೇ ಒಲೆ ಹೂಡಿ, ಕಾವಲಿನೋರಿಗೆ ಅಂತ ತುಪ್ಪ ಸುರಿದು ಹೋಳಿಗೆ ಬೇಯಿಸಿದ್ಲಂತೆ. ಮಂತ್ರಿ ಮೊದಲು ಮುಲುಗಿದ, ಆಮೇಲೆ ಹೊರಳಾಡಿದ, ಆಮೇಲೆ ಕಂಬಳಿ ಕಿತ್ತೊಗೆದು, ಕಿಟಕಿ ಹಾರಿ, ಹೆಂಚಿನ ಮೇಲಿನ ಹೋಳಿಗೆ ಹಂಗೇ ಬಾಯಿಗೆ ತುರುಕ್ಕೊಂಡ್ನಂತೆ.

ಎದೆನೋವು ಹೋಯ್ತಾ ಬುದ್ದಿ ಅಂದ್ರು ಕಾವಲಿನೋರು.

ಹೋಯ್ತು ಹೋಯ್ತು, ಇನ್ನೊಂದು ಹಾಕಮ್ಮ!

ಹಂಗಾದ್ರೆ ನಡೀರಿ ಬುದ್ದಿ, ರಾಜರು ಕಾಯ್ತಿದಾರೆ.

ಸಭೆಗೆ ಕಾವಲಿನೋರು ಹಿಡ್ಕೊಂಡು ಬಂದ ಎಮ್ಮೆ ಹೊಂಬಾಳಮ್ಮನ್ನ ಕಂಡಿದ್ದೇ ಹಗ್ಗ ಕಿತ್ಕೊಂಡು ಬಂದು ಅವಳ ಕೆನ್ನೆ ನೆಕ್ಕಿತಂತೆ. ಅವಳು ಗೊಳೋ ಅಂತ ಅತ್ತುಬಿಟ್ಲಂತೆ. ಮಂತ್ರಿ ತಲೇಲಿ ಅಧಿಕಾರದ ರುಮಾಲಿಲ್ಲದೆ ನಿಂತಿದ್ದು ಕಂಡು ಆ ಮೂರು ಜನಕ್ಕೂ ಕಣ್ಣು ಬಂದು, ನಾವು ನೋಡಿದ್ವಿ, ನಾವು ನೋಡಿದ್ವಿ ಅಂತ ಮುಗಿಬಿದ್ರಂತೆ. ರಾಜ ಭೂಪಾಳಯ್ಯನ್ನ ಸೆರೆಮನೆಗೆ ಕಳಿಸಿ, ಇನ್ಮೇಲೆ ಯಾರು ಕದ್ರೂ ಒಂದೇ ನ್ಯಾಯ, ಯಾರ ಅಪ್ಪಣೆಯೂ ಬೇಡ ಅಂತ ಊರೆಲ್ಲಾ ಡಂಗುರ ಹೊಡಿಸಿದ್ನಂತೆ. ಹೊಂಬಾಳಮ್ಮ ಎಮ್ಮೆ ಮನೆಗೆ ಹೊಡ್ಕೊಂಡು ಹೋಗಿ, ಕಾಲ ಕಾಲಕ್ಕೆ ಕರು ಹಾಕಿಸ್ಕೊಂಡು, ಕೊಟ್ಟಿಗೆ ತುಂಬಾ ಎಮ್ಮೆ ಕಟ್ಕೊಂಡು ಬಾಳಿದ್ಲಂತೆ.

ಕತೆ ಇಲ್ಲಿಗೆ ಕಾಲು ಚಾಚಿ ಮಲಗ್ತು, ನೀನೂ ಮಲಗೇ ಕಂದ.