ಮಿಂಚು ಹಿಡಿಯುವ ಮೂರು ಭರಣಿಗಳು

‘ಕೇಳ್ರಪ್ಪೋ ಕೇಳಿ! ರಾಜಕುಮಾರಿ ಹೇಮಾಂಬಿಕೆಯವರ ಮೂರು ಒಗಟು ಬಿಡಿಸಿದವನಿಗೆ ಅವರ ಕೈ ಹಿಡಿಯುವ ಭಾಗ್ಯ, ಅರ್ಧ ರಾಜ್ಯ! ಒಂದು ತಪ್ಪಿದರೂ ಮುಂದಿನ ಸಿಡಿಲಿಗೆ ಬುರುಜಿನ ತುದಿಯಲ್ಲಿ ನಿಲ್ಲಬೇಕು!’

ಡಂಗುರ ಮುಗಿಯುವಷ್ಟರಲ್ಲೇ ಮೋಡ ಕಟ್ಟತೊಡಗಿತು. ಆ ರಾಜ್ಯದಲ್ಲಿ ವರ್ಷದ ಮೊದಲ ಸಿಡಿಲನ್ನು ಗಾಜಿನ ಭರಣಿಯಲ್ಲಿ ಹಿಡಿಯುವ ಪದ್ಧತಿ. ಹಿಡಿಯಬೇಕಾದವರು ಅರಮನೆಯ ಹೆಣ್ಣುಮಕ್ಕಳು. ಹೋದ ವರ್ಷ ಎಲ್ಲಕ್ಕಿಂತ ದೊಡ್ಡ ಭರಣಿಯನ್ನೇ ಆರಿಸಿಕೊಂಡ ರಾಣಿ, ಅದು ಸಿಡಿದು ತೀರಿಕೊಂಡಿದ್ದಳು. ಈ ವರ್ಷದ ಸರದಿ ಮಗಳದು. ಅವಳಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಸಭೆಯ ಉದ್ದಕ್ಕೂ ನಡೆಯುತ್ತಲೇ ಒಗಟು ಕೇಳುತ್ತಿದ್ದಳು.

ಸಭೆಯ ನಡುವೆ ಒಳಗೂ ಹೊರಗೂ ತಗಡು ಹೊದಿಸಿದ ಮೂರು ಭರಣಿಗಳಿದ್ದವು. ಆಳೊಬ್ಬ ಅರಗಿನ ಚಕ್ರ ತಿರುಗಿಸಿ ಅವಕ್ಕೆ ಚೂರುಪಾರು ಮಿಂಚು ತುಂಬುತ್ತಿದ್ದ. ಆ ಚಕ್ರದ ಬಲದಿಂದ ಒಂದು ಭರಣಿ ಆರು ಅಳತೆ ಹಿಡಿಯುತ್ತಿತ್ತು, ಒಂದು ಮೂರು, ಒಂದು ಎರಡು.

‘ಒಂದರ ಹೊರತಗಡನ್ನು ಮುಂದಿನದರ ಒಳತಗಡಿಗೆ ಸರಪಳಿಯಿಂದ ಬಿಗಿದು ಸಾಲು ಮಾಡಿಸಿದ್ದೇನೆ. ಯಾವುದಕ್ಕೆ ಹೆಚ್ಚು ಮಿಂಚು?’ ಇದು ರಾಜಕುಮಾರಿಯ ಮೊದಲ ಒಗಟು.

‘ದೊಡ್ಡದಕ್ಕೆ, ಅದರಲ್ಲಿ ಕೇಳುವುದೇನು!’ ಎಂದ ಗಂಧದ ವ್ಯಾಪಾರಿಯನ್ನು ಬುರುಜಿಗೆ ಒಯ್ದರು. ನೆರೆನಾಡಿನ ರಾಜಕುಮಾರ ಹೇಗೋ ಮೊದಲನೆಯದನ್ನು ದಾಟಿದ. ಎರಡನೆಯದು, ಸಾಲು ಒಟ್ಟು ಎಷ್ಟು ಹಿಡಿಯುತ್ತದೆ ಎಂಬುದು. ಹನ್ನೊಂದು ಎಂದು ಕೂಡಿಸಿ ಕೆಟ್ಟವರು ಅದಾಗಲೇ ಮೇಲಿದ್ದರು. ಅವನು ಜಾಣ, ‘ಚಿಕ್ಕದು ಹಿಡಿಯುವಷ್ಟೇ, ಎರಡು’ ಎಂದ. ಅವನೂ ಮೆಟ್ಟಿಲು ಹತ್ತಿದ.

ಉಳಿದವನು ಮುದ್ದೀರ. ಒಗಟಿಗೆ ಬಂದವರಿಗೆ ಅರಮನೆಯಲ್ಲಿ ಊಟ ಹಾಕುತ್ತಾರೆಂದು ಬಂದವನು. ಕಂಡದ್ದನ್ನೆಲ್ಲ ಮುಟ್ಟುವ ಚಟದಿಂದ ಯಾವ ಕೆಲಸದಲ್ಲೂ ನಿಂತವನಲ್ಲ. ಇಲ್ಲೂ ಸರದಿ ಕಾಯುತ್ತ, ಕಾವಲಿನವರ ಕಣ್ಣು ತಪ್ಪಿಸಿ, ಮೊದಲು ಒಂಟಿ ಭರಣಿಗಳಿಗೆ, ಆಮೇಲೆ ಸಾಲಿಗೆ ಬೆರಳಿಟ್ಟು ಝುಮ್ಮೆನಿಸಿಕೊಂಡಿದ್ದ.

‘ಮೂರಕ್ಕೂ ಒಂದೇ ಸಮ, ಅಮ್ಮಣ್ಣಿಯವರೇ,’ ಎಂದ. ‘ಒಂದಕ್ಕೆ ಎಷ್ಟು ನುಗ್ಗುತ್ತದೋ ಅಷ್ಟನ್ನೇ ಅದು ಮುಂದಿನದಕ್ಕೆ ತಳ್ಳುತ್ತೆ.’

‘ಒಟ್ಟು ಎಷ್ಟು?’

ಮುದ್ದೀರ ಬೆರಳು ಉಜ್ಜಿಕೊಂಡ. ‘ಒಂಟಿಯಾಗಿದ್ದಾಗ ಚಿಕ್ಕದು ಕೊಟ್ಟ ಏಟಿಗಿಂತ ಈ ಸಾಲಿನ ಏಟು ಸಣ್ಣದು. ಎರಡಂತೂ ಅಲ್ಲ. ತಡೀರಿ... ಒಂದಳತೆ ಒಳಗೆ ಹೋಯ್ತು ಅನ್ನಿ. ಮೂರರಲ್ಲೂ ಒಂದೊಂದಳತೆ ಕೂತಿತು. ಆರರದಕ್ಕೆ ಅದು ಆರನೇ ಒಂದು ಪಾಲು. ಮೂರರದಕ್ಕೆ ಮೂರನೇ ಒಂದು. ಎರಡರದಕ್ಕೆ ಅರ್ಧ. ತುಂಬಿದಷ್ಟೂ ಅವು ಹಿಂದಕ್ಕೆ ತಳ್ಳುತ್ತವೆ. ಆ ಮೂರು ಪಾಲು ಕೂಡಿಸಿದರೆ ಪೂರ್ತಿ ಒಂದು. ಚಕ್ರದ ಬಲ ಅಲ್ಲಿಗೇ ಮುಗೀತು. ಒಂದೇ ಅಳತೆ, ಅಮ್ಮಣ್ಣಿ!’

ಹೊರಗೆ ಗುಡುಗಿತು. ರಾಜಕುಮಾರಿ ನಡೆಯುವುದನ್ನು ನಿಲ್ಲಿಸಿದಳು.

‘ಮೂರನೆಯದು. ದೊಡ್ಡ ಭರಣಿಯೂ ತಾಳದ ಸಿಡಿಲನ್ನು ತಾಳುವುದು ಯಾವುದು?’ ಅವಳ ದನಿ ಇಳಿಯಿತು. ‘ಇದರ ಉತ್ತರ ನನಗೂ ಗೊತ್ತಿಲ್ಲ. ಅದಕ್ಕೇ ಡಂಗುರ ಹೊಡೆಸಿದ್ದು.’

ಸಭೆ ಗುಜುಗುಜು ಎಂದಿತು. ರಾಜ ಸಿಂಹಾಸನದಿಂದ ಎದ್ದೇಬಿಟ್ಟ. ಮುದ್ದೀರ ಸರಪಳಿಯತ್ತ ಬೆರಳು ತೋರಿಸಿದ.

‘ಇದೇ ಸಾಲು,’ ಎಂದ ತಡವರಿಸುತ್ತ. ‘ಹಿಡಿಯೋದು ಕಮ್ಮಿ, ನಿಜ. ಆದರೆ ಏಟು ಹಂಚಿಹೋಗುತ್ತೆ. ಅರ್ಧ ಚಿಕ್ಕದಕ್ಕೆ, ಉಳಿದರ್ಧ ಇನ್ನೆರಡಕ್ಕೆ. ಇಡೀ ಸಿಡಿಲು ಯಾವುದರ ತಲೆಗೂ ಬೀಳಲ್ಲ.’

‘ನಿಜವೆಂದು ಹೇಗೆ ನಂಬಲಿ?’

‘ನಿಮ್ಮ ಜಾಗದಲ್ಲಿ ನಾನು ನಿಲ್ತೀನಿ. ಮೇಲಿರುವವರನ್ನು ಮೊದಲು ಕೆಳಗಿಳಿಸಿ.’

ಅವರನ್ನು ಇಳಿಸಿದರು. ಬುರುಜಿನ ತುದಿಯಿಂದ ಸಭೆಗೆ ಇಳಿದಿದ್ದ ತಾಮ್ರದ ಸರಿಗೆಯನ್ನು ಮುದ್ದೀರ ಸಾಲಿಗೆ ಬಿಗಿದು ಪಕ್ಕದಲ್ಲೇ ನಿಂತ. ಎಲ್ಲರೂ ಗೋಡೆಗೆ ಸರಿದರು, ರಾಜಕುಮಾರಿ ಸರಿಯಲಿಲ್ಲ. ಸಿಡಿಲು ಹೊಡೆಯಿತು. ಸಭೆ ಬೆಳ್ಳಗಾಯಿತು, ಸರಪಳಿ ಚಟಚಟ ಎಂದಿತು. ಕಣ್ಣು ಬಿಟ್ಟಾಗ ಮೂರು ಭರಣಿಗಳೂ ನಿಂತಿದ್ದವು. ಒಂದರಲ್ಲೂ ಬಿರುಕಿರಲಿಲ್ಲ.

ರಾಜ ಅಲ್ಲೇ ಅರ್ಧ ರಾಜ್ಯ ಬರೆದುಕೊಟ್ಟ. ಹೇಮಾಂಬಿಕೆ ಮಾತ್ರ ಚಿಕ್ಕ ಭರಣಿಗಳೆರಡನ್ನೂ ನೋಡುತ್ತ ಬಿಕ್ಕಿದಳು. ‘ಹೋದ ವರ್ಷವೂ ಇವೆರಡು ಆ ಮೂಲೆಯಲ್ಲೇ ಇದ್ದವು. ಇವು ಯಾತಕ್ಕೆ ಸಾಲುತ್ತವೆ ಅಂದುಬಿಟ್ಟಳು ಅಮ್ಮ.’

ಆಮೇಲೆ ಕಣ್ಣೊರೆಸಿಕೊಂಡು ಅವಳೇ ಕೈ ಚಾಚಿದಳು. ಕಂಡದ್ದನ್ನೆಲ್ಲ ಮುಟ್ಟುತ್ತಿದ್ದ ಮುದ್ದೀರ ಅವತ್ತು ಮೊದಲ ಸಲ ಕೇಳಿದ, ‘ಮುಟ್ಟಬಹುದಾ?’